ಟೆಸ್ಟ್ ಬೆಂಚಿನ ಗರಿಷ್ಠ ಮಿತಿ

ವಿದ್ಯಾರಣ್ಯಪುರ,
ಭಾನುವಾರ, 23 ಮಾರ್ಚ್ 2025

ಗೆಳೆಯ ಮುನಿರಾಜುವಿಗೆ ಸೋಮನಾಥನ ಸಿಹಿ ತಪ್ಪಿದ ನಮಸ್ಕಾರಗಳು.

ಸಿಹಿ ಯಾಕೆ ತಪ್ಪಿತು ಎಂಬುದಕ್ಕೆ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಹೋದ ತಿಂಗಳು ನೀನು ಕೊಯಮತ್ತೂರಿನಿಂದ ಬಂದಾಗ ನಮ್ಮ ಪಂಪ್ ಫ್ಯಾಕ್ಟರಿಯಲ್ಲಿ ನೀನಿದ್ದ ಟೆಸ್ಟ್ ಬೆಂಚಿನವರಿಗೆಂದು ಮಗಳ ಕೈಲಿ ಒಂದು ಡಬ್ಬಿ ಮೈಸೂರು ಪಾಕು ಕೊಟ್ಟುಕಳಿಸಿದ್ದೆಯಲ್ಲ, ಅದರಲ್ಲಿ ಆರು ತುಂಡು ಆ ಬೆಂಚನ್ನು ತಲುಪಲಿಲ್ಲ. ಅವು ಮಾನವ ಸಂಪನ್ಮೂಲ ವಿಭಾಗದ ಮೇಜಿನ ಎರಡನೆಯ ಡ್ರಾಯರಿನಲ್ಲಿ, ಹಳೆಯ ಹಾಜರಿ ಪುಸ್ತಕದ ಮರೆಯಲ್ಲಿ, ದಿನಕ್ಕೆ ಎರಡರಂತೆ ಮೂರು ದಿನ ಕರಗಿದವು. ಆರೋಪಿಗೆ ಐವತ್ತಮೂರು ವರ್ಷ, ಸಕ್ಕರೆ ಕಾಯಿಲೆ ಇದೆ, ಹಿಂದಿನ ಯಾವ ಅಪರಾಧವೂ ದಾಖಲಾಗಿಲ್ಲ. ತನಿಖಾಧಿಕಾರಿ ನಿನ್ನ ಮಗಳು ಸಂಯುಕ್ತಾ. ಡಬ್ಬಿಯಲ್ಲಿ ಇದ್ದದ್ದೆಷ್ಟು, ಹಂಚಿದ್ದೆಷ್ಟು ಎಂದು ಕಳೆದು ನೋಡಿ, ನನ್ನ ಮೇಜಿನ ಮೇಲಿದ್ದ ತುಪ್ಪದ ಬೆರಳಚ್ಚು ತೋರಿಸಿದಳು. ಹನ್ನೊಂದು ವರ್ಷ ಗ್ರೇಡುಗಳ ನಡುವೆ ಬಾಳಿದವನು ಸಿಹಿಯನ್ನೂ ಗ್ರೇಡಿನ ಪ್ರಕಾರವೇ ಹಂಚುತ್ತಾನೆ ಎಂದು ವಾದಿಸಿದೆ. ವಾದ ಬಿದ್ದುಹೋಯಿತು. ಯುಗಾದಿಯವರೆಗೆ ಕಾಫಿಗೆ ಸಕ್ಕರೆ ಇಲ್ಲ, ಜೊತೆಗೆ ಅಪ್ಪನಿಗೆ ನೀವೇ ಬರೆದು ತಿಳಿಸಬೇಕು ಎಂದು ಶಿಕ್ಷೆ ವಿಧಿಸಿದ್ದಾಳೆ. ಅದರ ಎರಡನೆಯ ಭಾಗವನ್ನು ಈಗ ಅನುಭವಿಸುತ್ತಿದ್ದೇನೆ.

ಸಂಕ್ರಾಂತಿಗೆ ಬಂದ ನಿನ್ನ ಕಾಗದಕ್ಕೆ ಯುಗಾದಿ ಹತ್ತಿರವಾದಾಗ ಉತ್ತರ ಬರೆಯುತ್ತಿದ್ದೇನೆ. ಕ್ಷಮಿಸು. ಫೋನಿದೆಯಲ್ಲೋ ಅನ್ನಬೇಡ. ಫೋನಿನಲ್ಲಿ ನಿನ್ನ 'ಏನ್ಲಾ ಸೋಮ' ಕೇಳಿದ ಕೂಡಲೇ ನನಗೆ ತಮಾಷೆ ಶುರುವಾಗಿಬಿಡುತ್ತದೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ನೀನು ಆ ಊರಿಗೆ ಹೋದಾಗಿನಿಂದ ನಾವು ಕಾಗದ ಬಿಡದೆ ಬಂದದ್ದೂ ಅದಕ್ಕೇ ಇರಬೇಕು.

ಮೊದಲು ಊರಿನ ಸಮಾಚಾರ. ನಿಮ್ಮ ಮಾಕಳಿಯ ಮನೆಯಲ್ಲಿ ಎಲ್ಲರೂ ಸೌಖ್ಯ. ಮೆಟ್ರೋ ಮಾದಾವರದವರೆಗೆ ಬಂದಿರುವುದರಿಂದ ನಿಮ್ಮೂರಿನವರು ಈಗ ಪೇಟೆಗೆ ಹೋಗಿಬರುವುದನ್ನು ಗಂಟೆಗಳಲ್ಲಿ ಹೇಳುವುದು ಬಿಟ್ಟು ನಿಮಿಷಗಳಲ್ಲಿ ಹೇಳುತ್ತಾರೆ. ನಿನ್ನಾಕೆ ಜ್ಯೋತಿಲಕ್ಷ್ಮಿ ಯುಗಾದಿಯ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ನನ್ನನ್ನೂ ಸ್ಮಿತಾಳನ್ನೂ ಈಗಲೇ ಕರೆದಿದ್ದಾಳೆ. 'ನಿಮ್ಗೆ ಬೇರೆ ಪಾತ್ರೇಲಿ ಅವರೆಕಾಳ್ ಸಾರು ಮಾಡ್ತೀನಿ ಅಣ್ಣ, ಮೂಗ್ ಮುಚ್ಕೊಂಡ್ ಕೂತ್ಕಳಿ' ಎಂದಳು. ಪ್ರತಿವರ್ಷ ಹಾಗೇ ಕೂರುತ್ತೇನೆ. ಸ್ಮಿತಾ ಹೇಳುವ ಪ್ರಕಾರ ನಾನು ಆಫೀಸಿನಲ್ಲಿ ಸಂಪನ್ಮೂಲ, ಮನೆಯಲ್ಲಿ ಬರೀ ಮೂಲೆ. ಅವಳಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ.

ತಡಕ್ಕೆ ಕಾರಣ ಹೇಳುತ್ತೇನೆ. ಏಪ್ರಿಲ್ ಒಂದರಿಂದ ನಮ್ಮಲ್ಲಿ ಸಂಬಳಕ್ಕೆ ಹೊಸ ಸಾಫ್ಟ್‌ವೇರ್ ಬರುತ್ತಿದೆ. ಹೆಸರಿಗೆ ಸಾಫ್ಟು, ಸ್ವಭಾವ ಬಲು ಹಾರ್ಡು. ಪ್ರತಿ ಗ್ರೇಡಿಗೂ ಅದು ಎರಡು ಅಂಕಿ ಕೇಳುತ್ತದೆ: ಆ ಕೆಲಸಕ್ಕೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಕೊಟ್ಟರೆ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಎಳೆದು, ಆ ಗ್ರೇಡಿನವರನ್ನೆಲ್ಲ ಪಟ್ಟಿಯ ಮೇಲೆ ಚುಕ್ಕೆ ಮಾಡಿ ಕೂರಿಸುತ್ತದೆ. ಯಾರ ಚುಕ್ಕೆ ಪಟ್ಟಿಯ ತುದಿ ಮುಟ್ಟಿತೋ ಅವರದು ಕೆಂಪಾಗುತ್ತದೆ, ಅಲ್ಲಿಂದ ಮುಂದೆ ಇನ್‌ಕ್ರಿಮೆಂಟ್ ಇಲ್ಲ. ಯಾರನ್ನೂ ಬೇಡಿಕೊಳ್ಳುವಂತಿಲ್ಲ, ಏಕೆಂದರೆ ನಿಲ್ಲಿಸಿದವರು ಯಾರೂ ಇಲ್ಲ. ಕನಿಷ್ಠ, ಗರಿಷ್ಠ, ನಡುವೆ ನಾನೊಬ್ಬ ಅನಿಷ್ಟ. ಮೂರು ತಿಂಗಳಿಂದ ಇದೇ ಕೆಲಸ. ವೇತನ ಎಂದು ಟೈಪು ಮಾಡಲು ಹೋದರೆ ಬೆರಳು ವೇದನೆ ಎಂದೇ ಒತ್ತುತ್ತದೆ.

ಇದಕ್ಕೆ ಇನ್ನೊಂದು ಚಾಳಿಯಿದೆ. ಯಾವ ಹಳೆಯ ಅಂಕಿಯನ್ನು ಬದಲಿಸಿದರೂ ಪಕ್ಕದಲ್ಲಿ 'ಕಾರಣ' ಎಂದು ಒಂದು ಚೌಕ ತೆರೆಯುತ್ತದೆ. ಖಾಲಿ ಬಿಟ್ಟರೆ ಬದಲಾವಣೆಯನ್ನು ಉಳಿಸಿಕೊಳ್ಳುವುದಿಲ್ಲ. ಇನ್ನೂರೈವತ್ತು ಅಕ್ಷರದ ಒಳಗೆ ಕಾರಣ ಹೇಳಬೇಕು. ನಾನು ಎಲ್ಲದಕ್ಕೂ 'ಮಾರುಕಟ್ಟೆ ದರಕ್ಕೆ ಅನುಗುಣವಾಗಿ' ಎಂದು ತುಂಬುತ್ತ ಬಂದೆ. ಯಂತ್ರ ಓದದೆಯೇ ಒಪ್ಪಿತು. ಮೇಲಧಿಕಾರಿಗಳ ಹಾಗೆಯೇ.

ನಮ್ಮ ಹಳೆಯ ಯಜಮಾನರ, ದೊಡ್ಡವರ ಕಾಲ ನೆನಪಾಗುತ್ತದೆ ಕಣೋ. ಆಗ ಸಂಬಳದ ಪುಸ್ತಕದಲ್ಲಿ ಪ್ರತಿ ಅಂಕಿಯನ್ನೂ ನಾನು ಮೊದಲು ಪೆನ್ಸಿಲಿನಲ್ಲಿ ಬರೆದು ಯಜಮಾನರ ಮುಂದೆ ಹಿಡಿಯಬೇಕಿತ್ತು. ಅವರು ಕನ್ನಡಕ ಹಣೆಗೇರಿಸಿ, ಪ್ರತಿ ಹೆಸರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: 'ಇಷ್ಟು ಸಾಕೇನಯ್ಯ?' ನಾನು ಸಾಕು ಅಂದರೆ ಇಂಕು. ಸಾಲದು ಅಂದರೆ ರಬ್ಬರು. ಸಾಕು ಸಾಲದು ಎನ್ನುವ ಆ ಅಧಿಕಾರ ನನಗಿದೆ ಎಂದು ಕ್ಯಾಂಟೀನಿನವರಿಗೂ ಗೊತ್ತಿತ್ತು, ನನ್ನ ಚಹಾದಲ್ಲಿ ಹಾಲು ಯಾವಾಗಲೂ ಗಟ್ಟಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ನಿನ್ನ ಬೆಂಚಿನ ವಿಷಯ, ನಿನ್ನ ಶಿಷ್ಯ ಅತಾವುಲ್ಲಾನ ವಿಷಯ.

ಗುರುವಾರ ಮಧ್ಯಾಹ್ನ ಸಂಯುಕ್ತಾ ನನ್ನನ್ನು ತನ್ನ ಪರದೆಯ ಹತ್ತಿರ ಕರೆದಳು. ಟ್ರೈನಿಯಾಗಿ ಸೇರಿ ಎಂಟು ತಿಂಗಳಾಗಿಲ್ಲ, ಈ ಸಾಫ್ಟ್‌ವೇರನ್ನು ನನಗಿಂತ ಚೆನ್ನಾಗಿ ಪಳಗಿಸಿದ್ದಾಳೆ. ಗ್ರೇಡಿನ ಪಟ್ಟಿಗಳೆಲ್ಲ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ನಿಂತಿದ್ದವು. ಟಿ-4, ಅಂದರೆ ಟೆಸ್ಟ್ ಬೆಂಚಿನ ಗ್ರೇಡಿನದು ಮಾತ್ರ ಮೊಟಕು. ಮುರಿದ ಮೆಟ್ಟಿಲಿನ ಹಾಗೆ.

'ಸಾರ್, ಬೇರೆ ಎಲ್ಲಾ ಗ್ರೇಡಲ್ಲೂ ಗರಿಷ್ಠ ಅಂದ್ರೆ ಕನಿಷ್ಠದ ಒಂದೂವರೆ ಪಟ್ಟು. ಇದೊಂದಕ್ಕೆ ಯಾಕ್ ಇಷ್ಟು ಕಮ್ಮಿ? ಮೂವತ್ತನಾಲ್ಕು ಸಾವಿರಕ್ಕೆ ಶುರುವಾಗಿ ನಲವತ್ತೊಂದೂವರೆ ಚಿಲ್ಲರೆಗೇ ನಿಂತೋಗಿದೆ. ಐವತ್ತೊಂದು ಆಗ್ಬೇಕಿತ್ತು.'

ಹಳೆಯದು, ದೊಡ್ಡವರ ಕಾಲದ ತೀರ್ಮಾನ ಎಂದೆ. ಆಮೇಲೆ ಪ್ರತಿಸಲ ಗ್ರೇಡು ಪರಿಷ್ಕರಿಸಿದಾಗಲೂ ಎಲ್ಲ ಅಂಕಿಗಳನ್ನು ಒಂದೇ ಲೆಕ್ಕದಲ್ಲಿ ಏರಿಸುತ್ತ ಬಂದದ್ದರಿಂದ, ಮೊಟಕಾಗಿದ್ದದ್ದು ಮೊಟಕಾಗಿಯೇ ಬೆಳೆಯಿತು ಎಂದು ವಿವರಿಸಿದೆ. ಅವಳು ತಲೆಯಾಡಿಸಿ ಪಟ್ಟಿಯ ತುದಿಯಲ್ಲಿದ್ದ ಒಂದು ಚುಕ್ಕೆಯನ್ನು ತೋರಿಸಿದಳು. ಅದು ಅತಾವುಲ್ಲಾ. ಈಗ ಅವನದು ನಲವತ್ತೊಂದು ಸಾವಿರದ ನಾನೂರು. ಈ ಏಪ್ರಿಲ್‌ನಲ್ಲಿ ಇನ್ನೂರೈವತ್ತು ಸಿಕ್ಕರೆ ತುದಿ ಮುಟ್ಟುತ್ತಾನೆ. ಆಮೇಲೆ ಅವನು ಎಷ್ಟು ವರ್ಷ ದುಡಿದರೂ ಯಂತ್ರ ಅವನನ್ನು ಅಲ್ಲೇ ನಿಲ್ಲಿಸುತ್ತದೆ.

ಸಂಜೆ ಬೆಂಚಿನ ಹತ್ತಿರ ಹೋದೆ. ರಂಜಾನ್ ಉಪವಾಸ. ದಿನವಿಡೀ ಕಣ್ಣೆದುರಿಗೆ ಪಂಪುಗಳು ತೊಟ್ಟಿಗೆ ನೀರು ಸುರಿಯುತ್ತಿರುತ್ತವೆ, ಅವನು ಒಣ ತುಟಿಯಲ್ಲಿ ನಿಂತು ಮೀಟರು ಓದುತ್ತಿರುತ್ತಾನೆ. ನೀನು ಕಲಿಸಿದ ಹಾಗೆಯೇ ಸ್ಕ್ರೂಡ್ರೈವರಿನ ಮೊನೆಯನ್ನು ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕಣ್ಣು ತೆರೆದವನೇ ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟ. ಹೊಸೂರಿನಾಚೆಯ ಒಂದು ಕಂಪನಿ, ಐವತ್ತೆರಡು ಸಾವಿರ, ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು.

'ಹೋಗೋಕ್ ಮನಸ್ಸಿಲ್ಲ ಸಾರ್. ಮಗಳು ಜೂನಲ್ಲಿ ಒಂದನೇ ಕ್ಲಾಸು. ಇಲ್ಲಿಂದ ದಿನಾ ಅಲ್ಲಿಗೆ ಓಡಾಡೋಕಾಗಲ್ಲ, ರೂಮ್ ಮಾಡ್ಬೇಕು. ನಮ್ ಉಸ್ತಾದ್ ತರ ಆಗೋಯ್ತದೆ ನನ್ ಕಥೆ.'

ಉಸ್ತಾದ್ ಅಂದರೆ ನೀನು. ಅವನು ಅದನ್ನು ಕೊಂಕಿಗೆ ಹೇಳಲಿಲ್ಲ, ಮುನಿ. ನಿನ್ನ ಹೆಸರು ಹೇಳುವಾಗ ಅವನು ಈಗಲೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೇಳುತ್ತಾನೆ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಸೋಮವಾರದೊಳಗೆ ಸರಿಮಾಡುತ್ತೇನೆ ಎಂದು ಮಾತು ಕೊಟ್ಟೆ. 'ನೀವ್ ಹೇಳಿದ್ರೆ ಸಾಕು ಸಾರ್' ಎಂದು ಕಾಗದವನ್ನು ಮಡಿಸಿ ಮತ್ತೆ ಜೇಬಿಗಿಟ್ಟ.

ಶುಕ್ರವಾರ ಬೆಳಿಗ್ಗೆ ನಿನ್ನ ಈ ಗೆಳೆಯ ಏನು ಮಾಡಿದ ಗೊತ್ತೇ? ನೇರ ಗೋಕುಲ್ ಸಾರ್ ಕ್ಯಾಬಿನ್ನಿಗೆ ನುಗ್ಗಿದ. ದೊಡ್ಡವರು ಹೋದ ಮೇಲೆ ಈಗ ಅವರ ಮಗನೇ ಯಜಮಾನ. ಮೇಜು ಕುಟ್ಟಿ ಹೇಳಿದೆ: ಹನ್ನೊಂದು ವರ್ಷದಿಂದ ಈ ಬೆಂಚಿಗೆ ಅನ್ಯಾಯವಾಗಿದೆ, ಇದೇ ಕಾರಣಕ್ಕೆ ಒಬ್ಬ ಮುನಿರಾಜುವನ್ನು ಕಳೆದುಕೊಂಡೆವು, ಇನ್ನೊಬ್ಬನನ್ನು ಕಳೆದುಕೊಂಡರೆ ಪಂಪುಗಳೇ ನಮ್ಮನ್ನು ಬೈಯುತ್ತವೆ. ಅಂಕಿ-ಅಂಶ ಒಂದೊಂದಾಗಿ ಮುಂದಿಟ್ಟೆ. ಅವರು ಒಪ್ಪಿದರು. ಟಿ-4ರ ಗರಿಷ್ಠ ಈಗ ಐವತ್ತೊಂದು ಸಾವಿರ. ಕಾರಣದ ಚೌಕದಲ್ಲಿ ಎಂದಿನಂತೆ ಮಾರುಕಟ್ಟೆ ದರ. ನಾಳೆ ಸಂಜೆ ಆರಕ್ಕೆ ಎಲ್ಲ ಅಂಕಿಗಳಿಗೂ ಬೀಗ ಬೀಳುತ್ತದೆ, ಆಮೇಲೆ ಒಂದು ವರ್ಷ ಯಾರೂ ಮುಟ್ಟುವಂತಿಲ್ಲ. ಅತಾವುಲ್ಲಾ ಉಳಿದ. ಯಾರಿಗೂ ಕಾಣದಿದ್ದ ಮುರಿದ ಮೆಟ್ಟಿಲನ್ನು ಕಂಡು ಸರಿಮಾಡಿದವನು ಈ ಸೋಮನಾಥ ಎಂದು ಸ್ವಲ್ಪ ಬೀಗಿದರೆ ನೀನು ಬೇಸರ ಮಾಡಿಕೊಳ್ಳುವುದಿಲ್ಲ ತಾನೇ?

ಅಂದು ರಾತ್ರಿ ಊಟಕ್ಕೆ ಕೂತಾಗ ಸ್ಮಿತಾಳಿಗೆ ಇದನ್ನೆಲ್ಲ ಹೇಳಿದೆ. ಅವಳು ರೊಟ್ಟಿ ಬಡಿಸುತ್ತ ಕೇಳಿದಳು: 'ಮುನಿರಾಜಣ್ಣನ ಟೈಮಿಗೆ ಯಾಕ ಇದನ್ನ ಮಾಡಲಿಲ್ಲರೀ?' ಆಗ ದೊಡ್ಡವರಿದ್ದರು, ನನ್ನ ಮಾತು ನಡೆಯಲಿಲ್ಲ ಎಂದೆ. ಅವಳು ಇನ್ನೊಂದು ರೊಟ್ಟಿ ಬಡಿಸಿದಳು. ನನಗೆ ಮಾತ್ರ ಆ ರೊಟ್ಟಿ ಮುಗಿಸಲು ಬಹಳ ಹೊತ್ತಾಯಿತು.

ನಿನಗೂ ಅದೆಲ್ಲ ನೆನಪಿರಬೇಕು. 2014ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಮೊದಲ ಸಲ ಗ್ರೇಡು ಬಂದದ್ದು. ಉಳಿದ ಕೆಲಸಗಾರರಿಗೆಲ್ಲ ಸಾವಿರದ ಎಂಟುನೂರು ಏರಿದಾಗ ನಿನಗೆ ನೂರೈವತ್ತು ಏರಿತು, ಏಕೆಂದರೆ ಟಿ-4ರ ಗರಿಷ್ಠ ಇಪ್ಪತ್ತನಾಲ್ಕೂವರೆ ಸಾವಿರ, ನೀನು ಆಗಲೇ ಅದರ ಅಂಚಿನಲ್ಲಿದ್ದೆ. ನೀನು ಜಗಳವಾಡಲಿಲ್ಲ. ಸಂಬಳದ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, 'ಇಂಗಂದ್ರೆ ಇನ್ ಮ್ಯಾಕ್ ಏರೋದೇ ಇಲ್ವೇನ್ಲಾ?' ಎಂದೆ. ನಾನು ದೊಡ್ಡವರ ಹತ್ತಿರ ಒಂದು ಗಂಟೆ ವಾದಿಸಿ ಸೋತು ಬಂದೆ ಎಂದು ಹೇಳಿದೆ. ಆ ಜೂನ್‌ನಲ್ಲಿ ನೀನು ಕೊಯಮತ್ತೂರಿನ ಕೆಲಸ ಒಪ್ಪಿಕೊಂಡೆ.

ಯಶವಂತಪುರ ಸ್ಟೇಷನ್ನಿಗೆ ನಿನ್ನನ್ನು ಬಿಡಲು ಬಂದದ್ದು ನಾನೊಬ್ಬನೇ. ಅಳುತ್ತಾಳೆ, ಸಂಯುಕ್ತಾಳನ್ನು ಕರೆತರಬೇಡ ಎಂದು ನೀನೇ ಹೇಳಿದ್ದೆ. ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ನೀನು ಚೀಲದಲ್ಲಿ ಎರಡು ಜೊತೆ ಬಟ್ಟೆಯ ನಡುವೆ ಆ ಸ್ಕ್ರೂಡ್ರೈವರನ್ನೂ ಇಟ್ಟುಕೊಂಡಿದ್ದೆ, ಅಲ್ಲಿ ಸ್ಕ್ರೂಡ್ರೈವರ್ ಇರುವುದಿಲ್ಲವೇನೋ ಎಂದು ನಾನು ರೇಗಿಸಿದೆ. ರೈಲು ಅಲುಗಿದಾಗ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದು, 'ಇಡೀ ಫ್ಯಾಕ್ಟ್ರೀಲಿ ನನ್ ಪರ ಮಾತಾಡ್ದೋನು ನೀನೊಬ್ಬನೇ ಕಣ್ಲಾ' ಎಂದೆ. ಆಮೇಲೆ ಹನ್ನೊಂದು ವರ್ಷ ತಿಂಗಳಿಗೊಂದು ಭಾನುವಾರ ನೀನು ನಿನ್ನ ಮನೆಗೆ ನೆಂಟನ ಹಾಗೆ ಬಂದು ಹೋದೆ.

ನನ್ನ ಕೈಲಾದದ್ದನ್ನು ನಾನು ಮಾಡಿದೆ. ಸಂಯುಕ್ತಾಳ ಸ್ಕೂಲಿನ ಸಭೆಗಳಿಗೆ ನಿನ್ನ ಬದಲು ಹೋಗಿ ಪುಟ್ಟ ಬೆಂಚಿನಲ್ಲಿ ಮಂಡಿ ಮಡಿಸಿ ಕೂತೆ. 'ನನ್ ಸೈನು ಒಂದೊಂದ್ಸಲ ಒಂದೊಂದ್ ತರ ಬತ್ತದೆ, ನೀವೇ ಆಕ್ಬುಡಿ ಅಣ್ಣ' ಎಂದು ಜ್ಯೋತಿಲಕ್ಷ್ಮಿ ಪ್ರೋಗ್ರೆಸ್ ಕಾರ್ಡನ್ನು ನನಗೇ ಕಳಿಸುತ್ತಿದ್ದಳು. ಆರನೇ ಕ್ಲಾಸಿನಿಂದ ಹತ್ತನೆಯವರೆಗೆ ಪೋಷಕರ ಜಾಗದಲ್ಲಿ ನನ್ನ ಸಹಿ, ಅದರ ಪಕ್ಕದಲ್ಲಿ ಒಂದು ಸಾಲು ಬುದ್ಧಿಮಾತು. ಗಣಿತದಲ್ಲಿ ಮೂವತ್ತೆಂಟು ಬಂದಾಗ 'ಅಂಕಿ ಸುಳ್ಳು ಹೇಳುವುದಿಲ್ಲ, ಹೇಳುವವರು ನಾವು' ಎಂದು ಬರೆದಿದ್ದೆನಂತೆ. ಅವಳು ಈಗಲೂ ಅದನ್ನು ಹೇಳಿ ನಗುತ್ತಾಳೆ. ನಗುತ್ತಿದ್ದಳು.

ಸ್ಕೂಟರ್ ಕಲಿಸಿದ್ದೂ ನಾನೇ, ವಿದ್ಯಾರಣ್ಯಪುರದ ಖಾಲಿ ರಸ್ತೆಗಳಲ್ಲಿ. ಹಿಂದೆ ಕೂತು 'ಬಿಡ್ಬೇಡಿ ಅಂಕಲ್' ಅನ್ನಿಸಿಕೊಳ್ಳುವ ಸುಖ ನಿನಗೆ ಸಿಗಬೇಕಾಗಿದ್ದದ್ದು. ಅದನ್ನೂ ನಾನೇ ತಿಂದುಬಿಟ್ಟೆ, ಮೈಸೂರು ಪಾಕಿನ ಹಾಗೆ.

ಸಾಕು. ತಮಾಷೆ ಮಾಡಿ ಮುಗಿಸೋಣ ಎಂದು ಕೂತವನಿಗೆ ಇವತ್ತು ಅದು ಒದಗಿ ಬರುತ್ತಿಲ್ಲ. ಹೊರಗೆ ಸ್ಮಿತಾ ಬಿಸಿಲಿಗೆ ಹಪ್ಪಳ ಹರಡಿ ಕಾಗೆ ಕಾಯಲು ನನ್ನನ್ನು ಕರೆಯುತ್ತಿದ್ದಾಳೆ. ನಿನ್ನ ಬೆನ್ನುನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ, ಮೇಲಿನ ಬರ್ತಿನಲ್ಲಿ ಬರಬೇಡ. ಹೊಸ ವರ್ಷ ನಿನಗೂ ನಿನ್ನವರಿಗೂ ಬೇವಿಗಿಂತ ಒಂದು ಚೂರು ಹೆಚ್ಚು ಬೆಲ್ಲ ಕೊಡಲಿ. ಮಗಳಿಗೆ ನನ್ನ ಆಶೀರ್ವಾದ ಎಂದೆಂದೂ ಇದೆ, ಅವಳು ಬೇಡವೆಂದರೂ.

ನಿನ್ನ ಹಳೆಯ ಬೆಂಚಿನ ಗೆಳೆಯ,
ಸೋಮನಾಥ

ಮರೆತ ಮಾತು: ಮರೆತದ್ದಲ್ಲ, ಸಹಿ ಹಾಕಿ ಒಂದು ಗಂಟೆ ಕಾಗೆ ಕಾದು, ಹಿಂದಿರುಗಿ ಬಂದು ಬರೆಯುತ್ತಿದ್ದೇನೆ.

ಅತಾವುಲ್ಲಾ ಉಳಿದ ಎಂದು ಬರೆದೆನಲ್ಲ, ಅದು ಇನ್ನೂ ನಿಜವಾಗಿಲ್ಲ. ಮೇಜು ಕುಟ್ಟಿದೆ ಎಂದದ್ದೂ ಸುಳ್ಳು. ಗೋಕುಲ್ ಸಾರ್ ಮುಂದೆ ಲ್ಯಾಪ್‌ಟಾಪ್ ಹಿಡಿದು ಎಲ್ಲವನ್ನೂ ವಿವರಿಸಿದವಳು ಸಂಯುಕ್ತಾ. ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಇದನ್ನು ಯಾರು ಇಟ್ಟದ್ದು ಎಂದು ಅವರು ಕೇಳಿದಾಗ, 'ದೊಡ್ಡವರು ಸಾರ್' ಎಂದೆ. ಅಷ್ಟೇ ನಾನಾಡಿದ ಮಾತು. ಅವರು ಗೋಡೆಯ ಮೇಲಿದ್ದ ತಂದೆಯ ಪಟ ನೋಡಿ, ಅಪ್ಪ ಹೀಗೆ ಮಾಡುವವರಲ್ಲವಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, ಏರಿಸಿ, ಕಾರಣ ಸರಿಯಾಗಿ ಬರೆಯಿರಿ ಎಂದರು.

ದೊಡ್ಡವರು ಹೀಗೆ ಯಾಕೆ ಮಾಡಿದರು ಎಂದು ನೋಡಲು ಸಂಯುಕ್ತಾ ನಿನ್ನೆ ಸ್ಟೋರಿನಿಂದ 2014ರ ಸಂಬಳದ ಪುಸ್ತಕವನ್ನು ತೆಗೆಸಿದಳು. ಟಿ-4ರ ಸಾಲಿನಲ್ಲಿ ಕನಿಷ್ಠ ಇಪ್ಪತ್ತು ಸಾವಿರ. ಗರಿಷ್ಠದ ಮನೆಯಲ್ಲಿ ಪೆನ್ಸಿಲಿನಲ್ಲಿ ಬರೆದು ರಬ್ಬರಿನಲ್ಲಿ ಅಳಿಸಿದ ಮೂವತ್ತು ಸಾವಿರ, ಬೆಳಕಿಗೆ ಹಿಡಿದರೆ ಈಗಲೂ ಕಾಣುತ್ತದೆ. ಅದರ ಮೇಲೆ ಇಂಕಿನಲ್ಲಿ ಇಪ್ಪತ್ತನಾಲ್ಕು ಸಾವಿರದ ಐನೂರು. ಅಂಚಿನಲ್ಲಿ ಸಣ್ಣದಾಗಿ ಇನ್ನೊಂದು ಅಂಕಿ, ಇಪ್ಪತ್ತನಾಲ್ಕು ಸಾವಿರದ ಆರುನೂರು. ಅದು ಆ ವರ್ಷದ ನನ್ನ ಸಂಬಳ. ಯಾರ ಕೈಬರಹ ಎಂದು ಅವಳು ಕೇಳಲಿಲ್ಲ. ಐದು ವರ್ಷ ಪ್ರೋಗ್ರೆಸ್ ಕಾರ್ಡಿನಲ್ಲಿ ಓದಿದ ಅಕ್ಷರ.

ಪುಸ್ತಕ ಮುಚ್ಚಿ, ಸಾಫ್ಟ್‌ವೇರ್ ತೆರೆದು, ನಾನು ತುಂಬಿದ್ದ 'ಮಾರುಕಟ್ಟೆ ದರ'ವನ್ನು ಅಳಿಸಿ ನನಗೆ ವಾಪಸು ಕಳಿಸಿದಳು. ಆಫೀಸು ಬಿಟ್ಟ ಮೇಲೆ ಎಂದಿನಂತೆ ಮೆಟ್ರೋವರೆಗೆ ಜೊತೆಯಲ್ಲೇ ನಡೆದಳು. ಆಫೀಸಿನೊಳಗೆ ಸಾರ್, ಗೇಟು ದಾಟಿದರೆ ಅಂಕಲ್, ಇದು ಅವಳ ರೂಢಿ ನಿನಗೆ ಗೊತ್ತು. ಮಾದಾವರ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ನಿಂತು ಹೇಳಿದಳು: 'ಸಾರ್, ಕಾರಣದ ಜಾಗ ಖಾಲಿ ಬಿಟ್ಟಿದೀನಿ. ನೀವೇ ತುಂಬಿ. ಅಪ್ಪಂಗೂ ನೀವೇ ಹೇಳಿ.' ಹಿಂದಿರುಗಿ ನೋಡದೆ ಮಾಕಳಿಯ ಕಡೆ ಹೊರಟುಹೋದಳು.

ನಾಳೆ ಸಂಜೆ ಆರರೊಳಗೆ ನಾನು ಆ ಚೌಕ ತುಂಬದಿದ್ದರೆ ಹಳೆಯ ಅಂಕಿಯೇ ನಿಲ್ಲುತ್ತದೆ, ಅತಾವುಲ್ಲಾ ಹೊಸೂರಿಗೆ ಹೋಗುತ್ತಾನೆ. ಒಂದು ಚುಕ್ಕೆ ಒತ್ತಿದರೂ ಯಂತ್ರ ಒಪ್ಪುತ್ತದೆ, ಮುನಿ. ಒಪ್ಪದವಳು ಪಕ್ಕದ ಮೇಜಿನಲ್ಲಿದ್ದಾಳೆ. ನಿಜ ಬರೆದರೆ ಗೋಕುಲ್ ಸಾರ್ ಓದುತ್ತಾರೆ, ನನಗೆ ನಿವೃತ್ತಿಗೆ ಇನ್ನೂ ಐದು ವರ್ಷವಿದೆ. ಆದರೂ ಬರೆಯುತ್ತೇನೆ. ಮೊದಲು ನಿನಗೆ ಬರೆದು ಕೈ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ: 'ಈ ಗರಿಷ್ಠವನ್ನು 2014ರಲ್ಲಿ ಸೋಮನಾಥ ತನ್ನ ಸಂಬಳಕ್ಕಿಂತ ನೂರು ರೂಪಾಯಿ ಕೆಳಗಿಟ್ಟ. ಈಗ ಸರಿಪಡಿಸಲಾಗಿದೆ.' ಇನ್ನೂರೈವತ್ತು ಅಕ್ಷರ ಬೇಕಾಗಲಿಲ್ಲ.

ಯಾಕೆ ಎಂದು ಕೇಳುತ್ತೀಯ. ಯಲಹಂಕದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ರೋಣದಿಂದ ಬಂದ ನನ್ನ ಮಾತು ಕೇಳಿ ಕ್ಲಾಸೆಲ್ಲ ನಕ್ಕಾಗ ನಗದಿದ್ದವನು ನೀನು. ನಾನು ಡಿಗ್ರಿ ಮಾಡಿದೆ, ನೀನು ಐಟಿಐಗೆ ಹೋದೆ. ಅದೊಂದೇ ವಿಷಯದಲ್ಲಿ ನಾನು ನಿನಗಿಂತ ಮೇಲಿದ್ದದ್ದು. ಮೂವತ್ತು ಸಾವಿರ ಎಂದು ಪೆನ್ಸಿಲಿನಲ್ಲಿ ಬರೆದ ಕ್ಷಣ, ಆ ವರ್ಷವೇ ನೀನು ನನ್ನನ್ನು ದಾಟುತ್ತೀಯ ಎಂದು ಕಂಡಿತು. ನಿನ್ನನ್ನು ಕಳಿಸಬೇಕೆಂದು ನಾನು ಎಣಿಸಿರಲಿಲ್ಲ. ನನ್ನ ಪಕ್ಕದಲ್ಲೇ, ನೂರು ರೂಪಾಯಿ ಕೆಳಗೆ, ಇದ್ದರೆ ಸಾಕು ಎಂದುಕೊಂಡಿದ್ದೆ.

ಹೊಸತೊಡಕಿನ ದಿನ ನನಗೆ ಎಲೆ ಹಾಕಬೇಕೋ ಬೇಡವೋ, ಜ್ಯೋತಿಲಕ್ಷ್ಮಿಗೆ ನೀನೇ ಹೇಳು. ನೀನು ಹೇಳಿದ ಹಾಗೆ.

ದೊಡ್ಡವರ ಹತ್ತಿರ ನಿನ್ನ ಪರವಾಗಿ ಒಂದು ಗಂಟೆ ವಾದಿಸಿದೆ ಎಂದು ನೀನು ಹನ್ನೊಂದು ವರ್ಷ ನಂಬಿದೆಯಲ್ಲ, ಅದೊಂದನ್ನೂ ಇಲ್ಲೇ ತೀರಿಸಿಬಿಡುತ್ತೇನೆ. ಅವರು ಕನ್ನಡಕ ಹಣೆಗೇರಿಸಿ, ಆ ಅಂಕಿಯ ಮೇಲೆ ಬೆರಳಿಟ್ಟು, ಬೇರೆ ಯಾರ ವಿಷಯದಲ್ಲೂ ಕೇಳದಿದ್ದ ಹಾಗೆ ಎರಡು ಸಲ ಕೇಳಿದರು: 'ಮುನಿರಾಜಂಗೆ ಇಷ್ಟು ಸಾಕೇನಯ್ಯ?'

'ಧಾರಾಳವಾಯ್ತು ಸಾರ್' ಎಂದೆ, ಎರಡು ಸಲವೂ.